ಅಧ್ಯಾಪಕರ ಸ್ವಂತ ಬರಹ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಿಂದ ಬಂದಿರುವ ಅಧ್ಯಾಪಕ ಬಂಧುಗಳೆ,

ಕಾಲೇಜಿನಲ್ಲಿ ಪಾಠ ಹೇಳುವವರು ರಾಜಕೀಯದ ಬಗ್ಗೆ ಬರೆಯಬಹುದೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಬರೆಯಿರಿ, ಸಂಸ್ಥೆಯ ಹೆಸರು ಮಾತ್ರ ಬೇಡ. ಅದರಂತೆ ಅನೇಕರು ಹುದ್ದೆ, ಕಾಲೇಜು ಎರಡನ್ನೂ ತೆಗೆದು, ಸ್ವಂತ ಖರ್ಚಿನ ಜಾಲತಾಣಕ್ಕೆ ಬರಹವನ್ನು ಸಾಗಿಸಿ, ಕೊನೆಗೆ 'ಇವು ವೈಯಕ್ತಿಕ ಅಭಿಪ್ರಾಯಗಳು' ಎಂಬ ಸಾಲನ್ನೂ ಹಾಕುತ್ತಾರೆ. ಆ ಶಿಸ್ತು ಸರಿಯಾದದ್ದೇ. ಆದರೆ ಅಷ್ಟಾದ ಮೇಲೂ ಬರಹದ ಸ್ಕ್ರೀನ್‌ಶಾಟ್ ಪ್ರಾಚಾರ್ಯರ ಮೊಬೈಲಿಗೆ ಬಂದು ಬೀಳುತ್ತದೆ. ಹಿಂದೆಯೇ ಕಾರಣ ಕೇಳಿ ನೋಟಿಸು. ಅಧ್ಯಾಪಕರು ಸಂಸ್ಥೆಯ ಹೆಸರನ್ನು ಬಿಟ್ಟ ಮೇಲೆ ಸಂಸ್ಥೆಯೂ ಅವರ ಬರಹದ ಬೆನ್ನು ಬಿಡಬೇಕು ಎಂಬುದು ನನ್ನ ವಾದ.

ನಮಗೆ ತೀರ ಹತ್ತಿರದ ಉದಾಹರಣೆ ಧಾರವಾಡದ್ದು. ಡಾ. ಎಂ. ಎಂ. ಕಲಬುರ್ಗಿಯವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ಸಂಶೋಧನ ಲೇಖನಗಳ 'ಮಾರ್ಗ' ಮೊದಲ ಸಂಪುಟದಲ್ಲಿ ಶರಣ ಚನ್ನಬಸವಣ್ಣನ ಜನನ, ನೀಲಾಂಬಿಕೆಯ ವಚನ ಕುರಿತು ಬರೆದರು. ವಿರೋಧ ಎಷ್ಟು ಬಲವಾಯಿತೆಂದರೆ 1989ರಲ್ಲಿ ಅವರು ಆ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವರ ಆಕರದಲ್ಲಿ ದೋಷವಿದ್ದರೆ ಇನ್ನೊಬ್ಬ ವಿದ್ವಾಂಸರು ಇನ್ನೊಂದು ಲೇಖನದಲ್ಲಿ ತಿದ್ದಬಹುದಿತ್ತು. ಒತ್ತಾಯದಿಂದ ಹಿಂತೆಗೆಸಿದ ಮಾತಿನಿಂದ ಶರಣರ ಚರಿತ್ರೆಗೆ ಯಾವ ಲಾಭವೂ ಆಗಲಿಲ್ಲ. ಅದು ಸುಳ್ಳೆಂದೂ ತೀರ್ಮಾನವಾಗಲಿಲ್ಲ, ನಿಜವೆಂದೂ ಆಗಲಿಲ್ಲ. ಮುಂದೆ 'ಮಾರ್ಗ-4' ಕೃತಿಗೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಅವರ ಮನೆಯ ಬಾಗಿಲಲ್ಲೇ ಗುಂಡು ಹಾರಿತು.

ಸಾಹಿತ್ಯ, ವಿಜ್ಞಾನದ ಬರಹ ಬೇರೆ, ರಾಜಕೀಯದ ಬರಹ ಬೇರೆ ಎಂಬ ತಿಳಿವಳಿಕೆ ಸರ್ಕಾರಿ ನಡತೆ ನಿಯಮಗಳಲ್ಲಿದೆ. ಈ ನಾಲ್ಕು ತಾಲೂಕುಗಳಲ್ಲಿ ಆ ಗೆರೆ ಎಳೆಯುವುದು ಹೇಗೆ? ಸವದತ್ತಿಯ ರಟ್ಟರ ಶಾಸನಗಳು ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತವೆ. ಅವುಗಳನ್ನು ಇದ್ದಂತೆ ಓದಿದರೂ, ಯಾವ ಜಾಗ ಮೊದಲು ಯಾರದಾಗಿತ್ತು ಎಂಬ ಇಂದಿನ ಜಗಳ ಏಳಬಹುದು. 1824ರ ಕಿತ್ತೂರಿನ ಯುದ್ಧ, ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ: ಇವರ ಬಗ್ಗೆ ಒಂದು ದಾಖಲೆ ಸಿಕ್ಕರೆ ಸಾಕು, ಅದು ಯಾವ ಸಮುದಾಯಕ್ಕೆ ಹಿತ ಎಂಬ ಲೆಕ್ಕ ಶುರುವಾಗುತ್ತದೆ. 1939ರ ರಾಮದುರ್ಗದ ಪ್ರಜಾ ಬಂಡಾಯ ಹೋರಾಟವೂ ಹೌದು, ರಕ್ತಪಾತವೂ ಹೌದು. ಎರಡನ್ನೂ ಬರೆಯುವವರೇ ಇತಿಹಾಸಕಾರರು. ಶುದ್ಧ ವಿದ್ವತ್ತಿಗೆ ಮಾತ್ರ ರಕ್ಷಣೆ ಎಂದರೆ ನಮ್ಮಲ್ಲಿ ಯಾರಿಗೂ ರಕ್ಷಣೆ ಇಲ್ಲ ಎಂದೇ ಆಯಿತು.

ಜನರ ತೆರಿಗೆಯ ಸಂಬಳ ಉಣ್ಣುವವರು ಸರ್ಕಾರವನ್ನು ಟೀಕಿಸಬಹುದೆ ಎಂದು ಕೇಳುತ್ತಾರೆ. ಸಂಬಳ ಕೊಡುವವರು ಜನ, ಅಧಿಕಾರದಲ್ಲಿರುವ ಪಕ್ಷವಲ್ಲ. 2020ರಲ್ಲಿ ಬೀದರಿನ ಶಾಲೆಯೊಂದರ ಮಕ್ಕಳ ನಾಟಕ ಸರ್ಕಾರವನ್ನು ಟೀಕಿಸಿತೆಂದು ರಾಜದ್ರೋಹದ ಕೇಸು ಬಿತ್ತು. ಅದನ್ನು ಹೈಕೋರ್ಟ್ 2023ರಲ್ಲಿ ರದ್ದುಮಾಡಿತು. ಅದೇ 2023ರಲ್ಲಿ, ಬೇರೆ ಪಕ್ಷದ ಸರ್ಕಾರ ಬಂದೊಡನೆ, ರಾಜ್ಯದ ಸಾಲದ ಬಗ್ಗೆ ಬರೆದ ಹೊಸದುರ್ಗ ತಾಲೂಕಿನ ಶಿಕ್ಷಕರೊಬ್ಬರು ಅಮಾನತಾದರು. ಸರ್ಕಾರ ಬದಲಾದರೂ ಚಾಳಿ ಬದಲಾಗಲಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವಿದ್ಯಾರ್ಥಿಗಳದ್ದು: ಅಂಕ ಹಾಕುವ ಕೈಯೇ ಪಕ್ಷ ಹಿಡಿದು ಬರೆದರೆ ಬೇರೆ ಮನಸ್ಸಿನ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವಳೆ? ಈ ಭಯ ನಿಜ. ಅದಕ್ಕೇ ತರಗತಿಯಲ್ಲಿ ಪ್ರಚಾರ ಕೂಡದು, ಮೌಲ್ಯಮಾಪನದಲ್ಲಿ ಪಕ್ಷಪಾತ ಕಂಡರೆ ಕಠಿಣ ವಿಚಾರಣೆ ಆಗಲೇಬೇಕು. ಹೊಡಿ-ಬಡಿ ಎಂದು ಬರೆದವರಿಗೆ ಎಲ್ಲರಿಗೂ ಇರುವ ಕಾನೂನೇ ಇದೆ. ತರಗತಿ, ಮೌಲ್ಯಮಾಪನಗಳ ಆಚೆಗೆ ಸಂಸ್ಥೆಗೆ ಕೆಲಸವಿಲ್ಲ.

ಎಲ್ಲರಿಗಿಂತ ಹೆಚ್ಚು ಅಂಜುತ್ತಿರುವವರು ಅತಿಥಿ ಉಪನ್ಯಾಸಕರು. ಅವರಿಗೆ ನೋಟಿಸೂ ಬೇಕಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮುಗಿಯಿತು, ಕಾರಣ ಕೇಳುವ ಹಕ್ಕೂ ಇಲ್ಲ. ಆದ್ದರಿಂದ ಈ ಸಮಾವೇಶ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೂ ಕಾಲೇಜು ಶಿಕ್ಷಣ ಇಲಾಖೆಗೂ ಕಳಿಸುವ ಠರಾವಿನಲ್ಲಿ ಮೊದಲು ಅವರ ಮಾತೇ ಬರಲಿ: ಕೈಬಿಟ್ಟರೆ ಲಿಖಿತ ಕಾರಣ ಕೊಡಬೇಕು, ಹೆಸರಿಲ್ಲದ ದೂರಿನ ಮೇಲೆ ಯಾರ ಮೇಲೂ ಕ್ರಮ ಕೂಡದು, ಬರಹದ ಬಗ್ಗೆ ದೂರು ಕೊಡುವವರು ಆಕ್ಷೇಪದ ಸಾಲನ್ನೂ ಅದಕ್ಕೆ ತಮ್ಮ ಆಧಾರವನ್ನೂ ಒಟ್ಟಿಗೆ ಕೊಡಬೇಕು.