ಮೋಟರಿಗೆ ಕೇಬಲ್ ಹಾಕುವಾಗ


400 ವೋಲ್ಟಿನ 15 ಕಿಲೋವ್ಯಾಟ್ ತ್ರೀ ಫೇಸ್ ಮೋಟರ್ ಫುಲ್ ಲೋಡಿನಲ್ಲಿ ಸುಮಾರು 28 ಆಂಪಿಯರ್ ಎಳೆಯುತ್ತದೆ. ಹಾಗಂತ ಪಟ್ಟಿ ನೋಡಿ 28ರ ಕೇಬಲ್ ಹಾಕ್ಬೇಡಿ. ಆ ಪಟ್ಟಿ 30 ಡಿಗ್ರಿ ಗಾಳಿಯ ಲೆಕ್ಕದ್ದು. ಗಲ್ಫಿನ ಬೇಸಿಗೆಗೆ 50 ಡಿಗ್ರಿ ಹಿಡಿಯಬೇಕು. ಆಗ ಪಿವಿಸಿ ಕೇಬಲಿನ ತಾಕತ್ತು 0.71 ಪಾಲಿಗೆ ಇಳಿಯುತ್ತದೆ. 28ನ್ನು 0.71ರಿಂದ ಭಾಗಿಸಿ, ಪಟ್ಟಿಯಲ್ಲಿ 40 ಆಂಪಿಯರ್ ಇರುವ ಕೇಬಲಾದರೂ ಬೇಕು.

ತುದಿಗೆ ಅಳತೆಯ ಲಗ್, ಅದಕ್ಕೆ ತಕ್ಕ ಡೈಯಲ್ಲಿ ಕ್ರಿಂಪ್. ಇಕ್ಕಳದಲ್ಲಿ ಜಜ್ಜಿದರೆ ಸಾಲದು. ಒಂದು ನಟ್ಟು ಸಡಿಲಾದರೂ ಜಾಯಿಂಟ್ ಕಾದು ಫೇಸ್ ಹೋಗಿ ಮೋಟರ್ ಸುಡಬಹುದು. ಅರ್ಥ್ ಮರೀಬೇಡಿ.

ಫೋರ್‌ಮನ್ ಎಷ್ಟೇ ಅವಸರ ಮಾಡಲಿ, ಐಸೊಲೇಟರಿಗೆ ಬೀಗ ಹಾಕಿ ಕೀ ನಿಮ್ಮ ಜೇಬಲ್ಲೇ ಇಟ್ಕೊಳ್ಳಿ. ಮೂರೂ ಫೇಸ್ ಟೆಸ್ಟ್ ಮಾಡಿಯೇ ಕೈಯಿಡಿ. ಕಂಪೆನಿಗೆ ಇನ್ನೊಂದು ಮೋಟರ್ ಬರುತ್ತದೆ, ಮನೆಯವರಿಗೆ ನೀವೊಬ್ಬರೇ.