ದಾಖಲಾತಿ ಪುಸ್ತಕದಲ್ಲಿ ಸಿಕ್ಕಿದ ಹೆಸರು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ ಆರು ವರ್ಷ ಕೆಲಸ ಮಾಡಿ ಬಂದವನೆಂದು ಸಮಿತಿಯವರು ನನಗೆ 'ಪರದೇಶದಲ್ಲಿ ನಮ್ಮವರು' ಎಂಬ ವಿಷಯ ಕೊಟ್ಟಿದ್ದಾರೆ. ಅಲ್ಲಿನ ಸಂಬಳ, ಹಿಮ, ರಸ್ತೆಗಳ ಬಗ್ಗೆ ಹೇಳಿ ಕುಳಿತುಕೊಳ್ಳಬಹುದಿತ್ತು. ಆದರೆ ನಾನು ಹೇಳಬೇಕೆಂದಿರುವುದು ಬೇರೆ.

2017ರಲ್ಲಿ ಒಂದು ಸಂಜೆ ಅಂಗಡಿಯೊಂದರ ಹೊರಗೆ ನಿಂತು ಫೋನಿನಲ್ಲಿ ಅಮ್ಮನೊಡನೆ ತುಳುವಿನಲ್ಲಿ ಮಾತಾಡುತ್ತಿದ್ದೆ. ಪಕ್ಕದ ಕಾರಿನವನು ಗಾಜು ಇಳಿಸಿ, 'ನಿನ್ನ ದೇಶಕ್ಕೆ ಹೋಗು' ಎಂದು ಕಿರುಚಿ ಹೊರಟುಹೋದ. ಅಷ್ಟೇ. ಪೆಟ್ಟೇನೂ ಬೀಳಲಿಲ್ಲ. 'ಯಾರದು ಬೊಬ್ಬೆ?' ಎಂದು ಅಮ್ಮ ಕೇಳಿದರು. 'ಗೊತ್ತಿದ್ದವರೇ' ಎಂದು ಸುಳ್ಳು ಹೇಳಿದೆ. ಅನಂತರ ತುಂಬ ದಿನ ನಾಲ್ಕು ಜನರ ನಡುವೆ ತುಳು ಮಾತಾಡುವಾಗ ನನ್ನ ಸ್ವರ ತಾನಾಗಿಯೇ ತಗ್ಗುತ್ತಿತ್ತು.

ಅದೇ ವರ್ಷ ಫೆಬ್ರವರಿ 22ರಂದು ಕಾನ್ಸಾಸ್ ರಾಜ್ಯದ ಒಲೇಥಾ ಎಂಬ ಊರಿನಲ್ಲಿ ಶ್ರೀನಿವಾಸ್ ಕುಚಿಭೋಟ್ಲ ಎಂಬ ಎಂಜಿನಿಯರನ್ನು ಒಬ್ಬ ಗುಂಡಿಕ್ಕಿ ಕೊಂದಿದ್ದ. ಕೊಂದವನು ಅವರನ್ನು ಇರಾನಿನವರೆಂದು ತಿಳಿದಿದ್ದ. ಆ ಹೊತ್ತಿನಲ್ಲಿ ಅವನನ್ನು ತಡೆಯಲು ಹೋಗಿ ಗಾಯಗೊಂಡವನು ಇಯಾನ್ ಗ್ರಿಲ್ಲಟ್ ಎಂಬ ಅಮೆರಿಕದ ಯುವಕ. ಎರಡು ಬಗೆಯ ಜನರೂ ಅಲ್ಲಿದ್ದಾರೆ ಎಂಬುದನ್ನು ಮರೆಯಬಾರದು.

ಇದು ಇಂದು ನಿನ್ನೆಯ ಕಥೆಯಲ್ಲ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ, ನೀವು ಬಿಳಿಯರಲ್ಲ, ಆದ್ದರಿಂದ ನಾಗರಿಕರಾಗುವಂತಿಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. 1946ರಲ್ಲಿ ಕಾನೂನು ಸಡಿಲಗೊಂಡಾಗಲೂ ಭಾರತೀಯರಿಗೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ. 1965ರ ಕಾನೂನು ಬಂದ ಮೇಲಷ್ಟೇ ನಮ್ಮಂಥವರಿಗೆ ಬಾಗಿಲು ತೆರೆಯಿತು.

ಪರದೇಶದ ಮಾತು ಬಿಡಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಮುಂಬೈಗೆ ಒಬ್ಬರನ್ನಾದರೂ ಕಳಿಸದ ಮನೆ ಕಡಿಮೆ. ನನ್ನ ದೊಡ್ಡಪ್ಪ ಏಳನೆಯ ತರಗತಿ ಬಿಟ್ಟು ಹೋದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತವರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಗಲಾಟೆಗಳಾದವು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ತುಳುವರು, ಕನ್ನಡಿಗರು, ತಮಿಳರು, ಮಲಯಾಳಿಗಳು ಎಲ್ಲರಿಗೂ ಅಲ್ಲಿ ಒಂದೇ ಹೆಸರು, 'ಮದ್ರಾಸಿ'. ಅರ್ಧ ಶಟರ್ ಎಳೆದು ಇಡ್ಲಿ ಮಾರಿದ ದಿನಗಳನ್ನು ದೊಡ್ಡಪ್ಪ ಕೊನೆಯವರೆಗೂ ನೆನೆಯುತ್ತಿದ್ದರು. 1902ರ ಮೊಗವೀರ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಅಸೋಸಿಯೇಶನ್, ಇಂಥ ಸಂಘಗಳ ಆಸರೆ ಆ ಊರಿನಲ್ಲಿ ನಮ್ಮವರಿಗೆ ಎಷ್ಟು ದೊಡ್ಡದೆಂದು ಅವರ ಮಾತಿನಿಂದಲೇ ತಿಳಿದೆ.

ಇಷ್ಟೆಲ್ಲ ಕೇಳಿ ಬೆಳೆದ ನಾವು ನಮ್ಮೂರಿಗೆ ಬಂದವರನ್ನು ಹೇಗೆ ನೋಡಿದೆವು?

ಎಂಟನೆಯ ತರಗತಿಯಲ್ಲಿ ನಮ್ಮ ಜೊತೆ ಬಾಗಲಕೋಟೆ ಕಡೆಯ ಒಬ್ಬ ಹುಡುಗನಿದ್ದ. ಅಪ್ಪ ಅಮ್ಮ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ನಾವು ಅವನನ್ನು 'ಘಟ್ಟದವ' ಎಂದೇ ಕರೆಯುತ್ತಿದ್ದೆವು. ಅವನು 'ಹೌದ್ರಿ ಸರ್' ಎಂದಾಗಲೆಲ್ಲ ಇಡೀ ತರಗತಿ ನಗುತ್ತಿತ್ತು. ಯೋಚಿಸಿ ನೋಡಿ: ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತಿದ್ದ ನಾವು ಕನ್ನಡ ಕಲಿತದ್ದು ಶಾಲೆಯಲ್ಲಿ. ಕನ್ನಡವೇ ಮನೆಮಾತಾಗಿದ್ದವನ ಕನ್ನಡ ಕೇಳಿ ನಗುತ್ತಿದ್ದೆವು! ಮಧ್ಯಾಹ್ನ ಅವನು ಜೋಳದ ರೊಟ್ಟಿಯ ಬುತ್ತಿ ಹಿಡಿದು ಬಾವಿಕಟ್ಟೆಯ ಆಚೆ ಹೋಗಿ ಕುಳಿತುಕೊಳ್ಳುತ್ತಿದ್ದ. ನಾವು ಕರೆಯಲಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಬಾಗಲಕೋಟೆ ಜಿಲ್ಲೆಯ ಎಷ್ಟೋ ಹಳ್ಳಿಗಳು ಮುಳುಗಿದ್ದನ್ನು ನಾನು ಓದಿದ್ದು ಬಹಳ ವರ್ಷಗಳ ನಂತರ. ಅವನ ಮನೆಯವರು ಊರು ಬಿಟ್ಟದ್ದು ಯಾಕೆಂದು ನಾನು ಕೇಳಿಯೇ ಇರಲಿಲ್ಲ. ಒಂಬತ್ತನೆಯ ತರಗತಿಯ ದಸರಾ ರಜೆಯ ನಂತರ ಅವನು ಬರಲಿಲ್ಲ.

ಕಳೆದ ತಿಂಗಳು ಈ ಸಂಚಿಕೆಗಾಗಿ ನಮ್ಮ ಬ್ಯಾಚಿನವರ ಪಟ್ಟಿ ಮಾಡುವಾಗ ವಾಟ್ಸಾಪ್ ಗುಂಪಿನಲ್ಲಿ ಅವನ ಹೆಸರು ಕೇಳಿದೆ. ನಲವತ್ತು ಜನರಲ್ಲಿ ಒಬ್ಬರಿಗೂ ನೆನಪಿಲ್ಲ. 'ಘಟ್ಟದವ ಅಲ್ವಾ' ಎಂದು ನಾಲ್ವರು ಬರೆದರು. ಕೊನೆಗೆ ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕ ತೆಗೆದು ತೋರಿಸಿದರು. ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಎಲ್ಲವೂ ಅಲ್ಲಿತ್ತು. ಅವನ ಒಪ್ಪಿಗೆಯಿಲ್ಲದೆ ಈ ಕಥೆಯ ಜೊತೆ ಆ ಹೆಸರನ್ನು ಮೈಕಿನಲ್ಲಿ ಹೇಳುವುದು ಸರಿಯಲ್ಲ. ಆದರೆ ನಾನು ಅದನ್ನು ಬರೆದುಕೊಂಡಿದ್ದೇನೆ, ಅವನನ್ನು ಹುಡುಕುತ್ತಿದ್ದೇನೆ. ಕಾರಿನ ಗಾಜು ಇಳಿಸಿ ಕಿರುಚಿದವನ ಮೇಲೆ ನನಗೆ ಬಂದಿದ್ದ ಸಿಟ್ಟು ಆ ದಿನ ಕಚೇರಿಯಲ್ಲಿ ನನ್ನ ಕಡೆಗೇ ತಿರುಗಿತು.

ನಮ್ಮ ಸೀಮೆ ಬಂದವರಿಂದಲೇ ಬೆಳೆದದ್ದು. ಪೋರ್ಚುಗೀಸರ ಕಾಟಕ್ಕೆ ಗೋವಾ ಬಿಟ್ಟು ಬಂದ ಕೊಂಕಣಿಗರು ಬಂಟ್ವಾಳ, ಮೂಡುಬಿದಿರೆ ಪೇಟೆಗಳ ವ್ಯಾಪಾರ ಬೆಳೆಸಿದರು. ಕೇರಳದಿಂದ ಬಂದ ಕೃಷಿಕರು ಬೆಳ್ತಂಗಡಿಯ ಗುಡ್ಡಗಳಲ್ಲಿ ರಬ್ಬರ್ ಬೆಳೆದರು. 1999ರಲ್ಲಿ ಬೆಳ್ತಂಗಡಿ ಅವರದೇ ಧರ್ಮಪ್ರಾಂತದ ಕೇಂದ್ರವಾಯಿತು. ಅಷ್ಟೇಕೆ, ಆ ರಬ್ಬರ್ ಮರವೂ ಬ್ರೆಜಿಲ್ ಮೂಲದ್ದು. ಈಗ ಯಾರೂ ಅವರನ್ನು ಹೊರಗಿನವರೆನ್ನುವುದಿಲ್ಲ. ಇಂದು ನಮ್ಮ ತೋಟಗಳಲ್ಲಿ, ಕಟ್ಟಡಗಳಲ್ಲಿ ಜಾರ್ಖಂಡ್, ಒಡಿಶಾ, ಅಸ್ಸಾಂ ಕಡೆಯವರಿದ್ದಾರೆ. ಅವರಿಗೆಲ್ಲ ನಾವು ಇಟ್ಟಿರುವುದೂ ಒಂದೇ ಹೆಸರು, 'ಹಿಂದಿಯವರು'. ಅವರ ಮಕ್ಕಳು ಇದೇ ಶಾಲೆಯ ಬೆಂಚಿನಲ್ಲಿ ಕುಳಿತಿದ್ದಾರೆ, ಬೆಳಿಗ್ಗೆ ನಾಡಗೀತೆ ಹಾಡಿದವರಲ್ಲಿ ಅವರೂ ಇದ್ದರು.

ಸಮಿತಿಯಲ್ಲಿ ನನ್ನ ಎರಡು ಬೇಡಿಕೆಗಳಿವೆ. ಸಂಚಿಕೆಯ ಪಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಮಾತ್ರವಲ್ಲ, ನಡುವೆ ಬಿಟ್ಟುಹೋದವರ ಹೆಸರೂ ಇರಲಿ. ಅವರೂ ಈ ಶಾಲೆಯ ಹಳೆ ವಿದ್ಯಾರ್ಥಿಗಳೇ. ಇನ್ನೊಂದು, ಹೊಸದಾಗಿ ಬಂದ ಮಕ್ಕಳಿಗೆ ಸಂಜೆ ಒಂದು ಗಂಟೆ ಕನ್ನಡ ಕಲಿಸುವ ವ್ಯವಸ್ಥೆ ಆಗಲಿ. ಅದರ ಖರ್ಚನ್ನು ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ.

ವಿದ್ಯಾರ್ಥಿಗಳೇ, ನಾಳೆ ಊಟದ ಹೊತ್ತಿಗೆ ಯಾರಾದರೂ ಒಬ್ಬರೇ ಕುಳಿತಿದ್ದರೆ ಹೆಸರು ಕೇಳಿ, ಪಕ್ಕಕ್ಕೆ ಕರೆದುಕೊಳ್ಳಿ. ನಾವು ಮಾಡದೆ ಬಿಟ್ಟ ಕೆಲಸ ಅದು.