ನಡ ತಿಕ್ಕಿದರೆ ನೋವು ಎಲ್ಲಿಗೆ ಹೋಗುತ್ತದೆ?

ನಮ್ಮೂರು ಚಪಳಗಾಂವದ ಹೊಲಗಳಲ್ಲಿ ಬಿಳಿಜೋಳ ಕೀಳುವ ದಿನ ಬಂದರೆ ನಮ್ಮ ಆಯಿಗೆ ಇಬ್ಬರು ಮೊಮ್ಮಕ್ಕಳು ಬೇಕೇ ಬೇಕು. ಒಬ್ಬರು ಮಧ್ಯಾಹ್ನ ಬುತ್ತಿ ತರಲು, ಇನ್ನೊಬ್ಬರು ಸಂಜೆ ನಡ ತಿಕ್ಕಲು. ಎರಡನೆಯ ಕೆಲಸ ಬಹಳ ವರ್ಷ ನನ್ನ ಪಾಲಿಗಿತ್ತು.

‘ಜೋಳ ಕೊಯ್ಯುವುದಲ್ಲವೇ, ಕೀಳುವುದು ಅಂದರೇನು?’ ಎಂದು ಬೇರೆ ಸೀಮೆಯ ಮಕ್ಕಳು ಕೇಳಬಹುದು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕರಿನೆಲದಲ್ಲಿ ಹಿಂಗಾರಿ ಜೋಳವನ್ನು ಬೇರುಸಹಿತ ಕೀಳುವ ರೂಢಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ಬೆಳೆಸಿದ ಮಾಲದಂಡಿ ತಳಿ ಆಳುದ್ದ ಬೆಳೆಯುತ್ತದೆ, ದಂಟು ದನಕ್ಕೆ ಒಳ್ಳೆಯ ಕಣಿಕೆ. ಕೀಳುವುದೆಂದರೆ ಬಗ್ಗು, ಬುಡ ಹಿಡಿ, ಜಗ್ಗು, ಎದ್ದು ನಿಲ್ಲು, ಮತ್ತೆ ಬಗ್ಗು. ಒಂದು ದಿನಕ್ಕೆ ಎಷ್ಟು ಸಾರಿ ಅಂತ ಎಣಿಸಲು ಒಮ್ಮೆ ಬದುವಿನ ಮೇಲೆ ಕೂತೆ. ಮುನ್ನೂರು ದಾಟಿದ ಮೇಲೆ ನನಗೇ ನಿದ್ದೆ ಬಂತು. ಆಯಿಗೆ ಬರಲಿಲ್ಲ.

ಸಂಜೆ ಕಟ್ಟೆಗೆ ಬಂದು ಕೂತು, “ಎವ್ವಾ, ನಡ ಹಿಡಕೊಂಡದ. ಒಂದೀಟು ತಿಕ್ಕು ಬಾ” ಅನ್ನುತ್ತಿದ್ದಳು. ನಾನು ತಿಕ್ಕುತ್ತಿದ್ದೆ. ಎಣ್ಣೆಯಿಲ್ಲ, ಮುಲಾಮಿಲ್ಲ, ಬರೀ ಅಂಗೈ. ಐದು ನಿಮಿಷಕ್ಕೆ ಆಯಿ “ಹಾಂ, ಈಗ ಹಗುರಾತು” ಅನ್ನುವಳು. ಒಳಗೆ ಏನೋ ನೋಯುತ್ತಿದೆ, ನಾನು ಮುಟ್ಟಿದ್ದು ಹೊರಗಿನ ಚರ್ಮವನ್ನು. ಹಾಗಾದರೆ ನೋವು ಕಡಿಮೆಯಾದದ್ದು ಹೇಗೆ?

ನೀವೂ ಇದನ್ನು ಮಾಡಿದ್ದೀರಿ. ಹೊಸ್ತಿಲಿಗೆ ಕಾಲ್ಬೆರಳು ತಾಗಿದರೆ ಯಾರೂ ಹೇಳಿಕೊಡದೆಯೇ ಕೈ ಅಲ್ಲಿಗೆ ಹೋಗಿ ತಿಕ್ಕತೊಡಗುತ್ತದೆ. ಇದಕ್ಕೆ ಒಂದು ಉತ್ತರ ಕೊಟ್ಟವರು ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್. ವರ್ಷ 1965. ನಮ್ಮ ಕಡೆಯ ಹಳೆಯ ಊರುಗಳಿಗೆ ಅಗಸಿ ಇರುತ್ತದಲ್ಲ, ದೊಡ್ಡ ಬಾಗಿಲು, ಅಂಥದೊಂದು ಅಗಸಿ ನಮ್ಮ ಬೆನ್ನುಹುರಿಯಲ್ಲೂ ಇದೆ ಎಂದರು ಇವರು. ಮೈಯಿಂದ ಮಿದುಳಿಗೆ ಹೋಗುವ ನೋವಿನ ಸುದ್ದಿ ಅದನ್ನು ದಾಟಿಯೇ ಹೋಗಬೇಕು. ಮಂದವಾಗಿ ಜುಮುಗುಡುವ ನೋವಿನ ಸುದ್ದಿ ಬರುವುದು ತೆಳು ನರಗಳಲ್ಲಿ. ಅದರ ವೇಗ ಸೆಕೆಂಡಿಗೆ ಸುಮಾರು 1 ಮೀಟರ್, ಅಂದರೆ ನೀವು ಶಾಲೆಗೆ ನಡೆದು ಹೋಗುವಷ್ಟು. ಮುಟ್ಟಿದ, ತಿಕ್ಕಿದ ಸುದ್ದಿ ಬರುವುದು ದಪ್ಪ ನರಗಳಲ್ಲಿ, ಸೆಕೆಂಡಿಗೆ 50 ಮೀಟರಿನ ಆಸುಪಾಸು. ಎತ್ತಿನ ಬಂಡಿಯ ಪಕ್ಕದಲ್ಲಿ ಎಕ್ಸ್‌ಪ್ರೆಸ್ ರೈಲು ಹೋದ ಹಾಗೆ. ತಿಕ್ಕಿದ ಸುದ್ದಿ ಗುಂಪುಗುಂಪಾಗಿ ಬಂದು ಅಗಸಿಯಲ್ಲಿ ನಿಂತಾಗ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ, ನೋವಿನ ಸುದ್ದಿಯಲ್ಲಿ ಸ್ವಲ್ಪವೇ ಒಳಗೆ ಹೋಗುತ್ತದೆ. ಆಮೇಲಿನ ವಿಜ್ಞಾನಿಗಳು ಈ ಚಿತ್ರವನ್ನು ಬಹಳ ತಿದ್ದಿದ್ದಾರೆ. ಆದರೂ ಅಗಸಿಯ ಮಾತು ಪೂರ್ತಿ ಬಿದ್ದುಹೋಗಿಲ್ಲ.

ಹಾಗಾದರೆ ಕೈಯಿಂದ ತಿಕ್ಕುವ ಬದಲು ದಪ್ಪ ನರಗಳನ್ನು ವಿದ್ಯುತ್ತಿನಿಂದ ತಟ್ಟಿ ಎಬ್ಬಿಸಬಹುದೇ? ವಾಲ್ ಮತ್ತು ವಿಲಿಯಂ ಸ್ವೀಟ್ ಎಂಬ ವೈದ್ಯರು ಇದನ್ನು ಮೊದಲು ತಮ್ಮ ಮುಖದ ನರದ ಮೇಲೆಯೇ ಪರೀಕ್ಷಿಸಿಕೊಂಡರು. 1967ರಲ್ಲಿ ಆ ಫಲಿತಾಂಶ ಅಚ್ಚಾಯಿತು. ಅದೇ ದಾರಿಯಲ್ಲಿ ಬಂದದ್ದು ಟೆನ್ಸ್ ಎಂಬ ಯಂತ್ರ: ಅಂಗೈಯಷ್ಟು ಡಬ್ಬಿ, ಎರಡು ವೈರು, ಚರ್ಮಕ್ಕೆ ಅಂಟುವ ಬಿಲ್ಲೆಗಳು. ಒತ್ತಿದರೆ ನಡದ ಮೇಲೆ ಇರುವೆ ಹರಿದಂತೆ ಜುಂ ಅನ್ನುತ್ತದೆ. ಈಗ ಫಿಸಿಯೋಥೆರಪಿ ಮಾಡುವ ಕಡೆ ಇದನ್ನು ನೋಡಬಹುದು. ಎಲ್ಲರಿಗೂ ಒಂದೇ ಸಮ ಫಲ ಕೊಡುವುದಿಲ್ಲ. ಕೆಲವರಿಗೆ ಹಾಯೆನಿಸುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಕರೆಂಟಿನಿಂದ ನೋವಿಳಿಸುವುದೇನು ಹೊಸ ಉಪಾಯ ಅಂದುಕೊಳ್ಳಬೇಡಿ. ಸುಮಾರು 2000 ವರ್ಷದ ಹಿಂದೆ ರೋಮಿನಲ್ಲಿ ಸ್ಕ್ರಿಬೋನಿಯಸ್ ಲಾರ್ಗಸ್ ಎಂಬ ವೈದ್ಯನಿದ್ದ. ಪಾದದ ಕೀಲು ನೋಯುವವರನ್ನು ಸಮುದ್ರದ ದಂಡೆಗೆ ಕರೆದೊಯ್ದು, ಜೀವಂತ ಮೀನಿನ ಮೇಲೆ ಕಾಲಿಡಿಸಿ ನಿಲ್ಲಿಸಿ ಎಂದು ಬರೆದಿಟ್ಟಿದ್ದಾನೆ. ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನಿನ ಬಳಗದ್ದು ಅದು, ಆದರೆ ಮೈಯಲ್ಲಿ ಕರೆಂಟು ಹುಟ್ಟಿಸುವ ಜಾತಿ. ಕಾಲು ಜೋಮು ಹಿಡಿಯುವವರೆಗೆ ನಿಲ್ಲಬೇಕು! ಈ ಕಥೆ ಕೇಳಿ ಆಯಿ, “ನಮ್ಮ ಬೋರಿ ಹೊಳಿಯಾಗ ಅಂಥಾ ಮೀನ ಇಲ್ಲ, ಚಲೋ ಆತು ಬಿಡು” ಅಂದಳು.

ನೋವನ್ನು ತಡೆಯುವುದೇನೋ ಸರಿ, ಅದು ಹುಟ್ಟುವುದು ಎಲ್ಲಿ? ಒಂದು ಸಣ್ಣ ಲೆಕ್ಕ ಮಾಡೋಣ. ತಕ್ಕಡಿಯ ದಂಡಿಗೆಯ ಒಂದು ತೋಳು ಗೇಣಿಗಿಂತ ಗಿಡ್ಡ, ಇನ್ನೊಂದು ಮಾರುದ್ದ ಅಂದುಕೊಳ್ಳಿ. ಉದ್ದ ತೋಳಿಗೆ ಚಿಕ್ಕ ಕಲ್ಲು ಕಟ್ಟಿದರೂ ಗಿಡ್ಡ ತೋಳಿಗೆ ಗುಂಡುಕಲ್ಲನ್ನೇ ಕಟ್ಟಬೇಕಾಗುತ್ತದೆ. ನಮ್ಮ ಬೆನ್ನು ಅಂಥ ತಕ್ಕಡಿ. ಬೆನ್ನಿನ ಸ್ನಾಯು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿದೆ. ಬಗ್ಗಿ ಕೈಚಾಚಿ 10 ಕಿಲೊ ಎತ್ತಿದಾಗ ಆ ಭಾರ 50 ಸೆಂಟಿಮೀಟರ್ ಮುಂದಿರುತ್ತದೆ. ಹತ್ತು ಪಟ್ಟು ದೂರ, ಆದ್ದರಿಂದ ಸ್ನಾಯು ಹತ್ತು ಪಟ್ಟು ಜಗ್ಗಬೇಕು: 100 ಕಿಲೊ, ಒಂದು ಕ್ವಿಂಟಲ್! ಬಗ್ಗಿದ ಮೈಯ ಭಾರವನ್ನು ನಾವಿನ್ನೂ ಎಣಿಸಿಯೇ ಇಲ್ಲ. ಸಂಕ್ರಾಂತಿಯ ಸೊಲ್ಲಾಪುರ ಜಾತ್ರೆಯಲ್ಲಿ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳನ್ನು ಹೊರುವವರನ್ನು ನೋಡಿದ್ದೀರಾ? ಕೋಲು ಅಷ್ಟುದ್ದವಿದ್ದರೂ ಮೈಗೆ ಒತ್ತಿಕೊಂಡು ನೆಟ್ಟಗೆ ಹಿಡಿಯುತ್ತಾರೆ. ಮುಂದಕ್ಕೆ ವಾಲಿತೋ, ಭಾರ ಎಷ್ಟಾಗುತ್ತದೆಂದು ಅವರ ನಡಕ್ಕೆ ಗೊತ್ತು.

ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಬೆನ್ನಿನ ಮೇಲಿನ ಈ ಭಾರವನ್ನು ಅಳೆದೇ ನೋಡಿದರು. ಒಪ್ಪಿಕೊಂಡ ಜನರ ಬೆನ್ನಿಗೆ ತೆಳುವಾದ ಸೂಜಿ ಇಳಿಸಿ ಒಳಗಿನ ಒತ್ತಡ ಓದಿದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಅಂತ ಹಿಡಿದರೆ, ಅಂಗಾತ ಮಲಗಿದಾಗ 25ರ ಹತ್ತಿರ, ಬಗ್ಗಿದಾಗ 150, ಬಗ್ಗಿ ಭಾರ ಹಿಡಿದಾಗ 220.

ಒತ್ತಡ ಬೀಳುವುದು ಯಾವುದರ ಮೇಲೆ? ನಮ್ಮ ಕಡೆ ನಡ ನೋವಿನವರ ಬಾಯಲ್ಲಿ ಒಂದು ಮಾತು ಇರುತ್ತದೆ: “ಮಣಕದಾಗ ಗ್ಯಾಪ್ ಆಗ್ಯದ.” ಮಣಕ ಅಂದರೆ ಬೆನ್ನುಮೂಳೆಯ ಮಣಿ. ನಿಜ ಹೇಳಬೇಕೆಂದರೆ ಎರಡು ಮಣಕದ ನಡುವೆ ಗ್ಯಾಪ್ ಹುಟ್ಟಿನಿಂದಲೇ ಇರುತ್ತದೆ, ಇರಲೇಬೇಕು. ಅಲ್ಲಿ ಡಿಸ್ಕ್ ಎಂಬ ಮೆತ್ತೆ ಕೂತಿರುತ್ತದೆ. ಸುತ್ತ ಈರುಳ್ಳಿಯ ಪದರಿನಂತೆ ಗಟ್ಟಿ ನಾರು, ನಡುವೆ ನೀರು ತುಂಬಿದ ಮೆದು ತಿರುಳು. ವಯಸ್ಸಾದಂತೆ ಮೆತ್ತೆ ಒಣಗಿ ತೆಳುವಾದರೆ ಗ್ಯಾಪ್ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ! ಇದನ್ನು ಆಯಿಗೆ ಹೇಳಿದೆ. “ಹೆಚ್ಚಾಗಲಿ, ಕಮ್ಮಿಯಾಗಲಿ, ನೂಸೂದು ನನಗ” ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೆತ್ತೆಯ ಆಟವನ್ನು ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಹಾಸಿಗೆಯಿಂದ ಎದ್ದ ತಕ್ಷಣ ಗೋಡೆಗೆ ಬೆನ್ನು ಹಚ್ಚಿ ನಿಂತು ಪೆನ್ಸಿಲಿನಿಂದ ಗೆರೆ ಎಳೆಸಿಕೊಳ್ಳಿ. ರಾತ್ರಿ ಮಲಗುವ ಮುಂಚೆ ಮತ್ತೊಂದು ಗೆರೆ. ರಾತ್ರಿಯ ನೀವು ಒಂದು ಸೆಂಟಿಮೀಟರಿನಷ್ಟು ಗಿಡ್ಡ! ದಿನವಿಡೀ ಮೆತ್ತೆಗಳಿಂದ ನೀರು ಹಿಂಡಿಹೋಗಿರುತ್ತದೆ, ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ದೊಡ್ಡವರ ಡಿಸ್ಕಿನ ಒಳತಿರುಳಿಗೆ ರಕ್ತನಾಳವಿಲ್ಲ, ಊಟ ಸಿಗುವುದು ಹೀಗೆ ಸುತ್ತಲಿಂದ ಮೆಲ್ಲಗೆ ಜಿನುಗುವುದರಿಂದಲೇ. ಅದಕ್ಕೇ ಡಿಸ್ಕ್ ಹರಿದರೆ ಬೇಗ ಕೂಡುವುದಿಲ್ಲ.

ಹರಿದದ್ದನ್ನು ಕೂಡಿಸುವುದು ಹೇಗೆಂದು ನೋಡಲು ಈಗ ನನ್ನ ತಮ್ಮನ ಅಂಗೈಗೆ ಬರೋಣ. ಒಂದು ಸುಗ್ಗಿಯಲ್ಲಿ ತೆನೆ ಕೊಯ್ಯಲು ಹೋಗಿ ಕುಡುಗೋಲಿನಿಂದ ಅಂಗೈ ಸೀಳಿಕೊಂಡ. ಆಳವಾದ ಗಾಯ. ಡಾಕ್ಟರು ಒಳಗೊಂದು ಸಾಲು, ಹೊರಗೊಂದು ಸಾಲು ಹೊಲಿಗೆ ಹಾಕಿದರು. ಹೊರಗಿನ ದಾರವನ್ನು ಆಮೇಲೆ ಬಿಚ್ಚಿದರು. ಒಳಗಿನದನ್ನು ಬಿಚ್ಚಲೇ ಇಲ್ಲ. ತಮ್ಮ ಒಂದು ವಾರ ಗಾಬರಿಯಲ್ಲಿದ್ದ: “ಅಕ್ಕಾ, ದಾರ ಒಳಗೇ ಮರತಾರ!”

ಮರೆತಿರಲಿಲ್ಲ. ಆ ದಾರ ಕರಗುವಂಥದ್ದು.

ಸೊಲ್ಲಾಪುರ ದಾರದ ಊರು. ಅಲ್ಲಿಯ ಚಾದರ ನಿಮ್ಮ ಮನೆಯಲ್ಲೂ ಇರಬಹುದು. ಒಳ್ಳೆಯ ನೂಲು ಅಂದರೆ ವರ್ಷಗಟ್ಟಲೆ ಬಾಳುವ ನೂಲು ಎಂದು ಅಲ್ಲಿ ಯಾವ ನೇಕಾರರನ್ನು ಕೇಳಿದರೂ ಹೇಳುತ್ತಾರೆ. ವೈದ್ಯರಿಗೆ ಬೇಕಾದದ್ದು ತದ್ವಿರುದ್ಧ: ಎರಡು ವಾರ ಗಟ್ಟಿಯಾಗಿ ಹಿಡಿದು, ಆಮೇಲೆ ಮೆಲ್ಲಗೆ ಇಲ್ಲವಾಗುವ ನೂಲು. ಸೊಲ್ಲಾಪುರದಲ್ಲೇ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಮಾಡಲು ಚೀನಾಕ್ಕೆ ಹೋದರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಕಾಲದ ವೈದ್ಯಲೋಕದಲ್ಲಿ ಕರಗುವ ದಾರ ಅಂದರೆ ಕ್ಯಾಟ್‌ಗಟ್. ಹೆಸರಿನಲ್ಲಿ ಬೆಕ್ಕಿದ್ದರೂ ಅದನ್ನು ಮಾಡುತ್ತಿದ್ದದ್ದು ಕುರಿ, ದನಗಳ ಕರುಳಿನಿಂದ. ಅದಕ್ಕೂ ಬಹಳ ಹಿಂದಿನ ಸುಶ್ರುತಸಂಹಿತೆಯಲ್ಲಿ ಕರುಳಿನ ಗಾಯಕ್ಕೆ ಕಪ್ಪು ಇರುವೆಯ ಹೊಲಿಗೆ ಹೇಳಿದೆ. ಗಾಯದ ಎರಡೂ ಅಂಚನ್ನು ಇರುವೆಯಿಂದ ಕಚ್ಚಿಸಿ, ಮೈಯನ್ನು ಮುರಿದು ತೆಗೆಯುವುದು. ತಲೆ ಮಾತ್ರ ಕ್ಲಿಪ್ಪಿನಂತೆ ಉಳಿಯುತ್ತದೆ. 1970ರ ಸುಮಾರಿಗೆ ಪಾಲಿಗ್ಲೈಕೋಲಿಕ್ ಆಸಿಡ್ ಎಂಬ ಪದಾರ್ಥದ ದಾರ ಬಂತು. ಮೈಯೊಳಗಿನ ನೀರೇ ಅದರ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಎರಡು ಮೂರು ತಿಂಗಳಲ್ಲಿ ದಾರದ ಗುರುತೂ ಉಳಿಯುವುದಿಲ್ಲ.

ಹೊಲಿಯಲು ಚರ್ಮವೇ ಉಳಿಯದಿದ್ದರೆ? ದೊಡ್ಡ ಸುಟ್ಟಗಾಯದಲ್ಲಿ ಹಾಗಾಗುತ್ತದೆ. ಅಮೆರಿಕದಲ್ಲಿ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯರು ಇದೇ ಚಿಂತೆಯಲ್ಲಿದ್ದಾಗ ಜೊತೆಯಾದವರು ಅಯೊನಿಸ್ ಯಾನಸ್. ಇವರು ವೈದ್ಯರಲ್ಲ, ನಾರು ಮತ್ತು ಪಾಲಿಮರ್ ಓದಿದವರು. (ನೂಲಿನ ಊರಿನ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ ಎಂದು ನನ್ನ ಆಸೆ.) ದನದ ಮೈಯ ಕೊಲಾಜೆನ್ ಎಂಬ ಪ್ರೋಟೀನು, ಶಾರ್ಕ್ ಮೀನಿನ ಮೆದುಮೂಳೆಯ ಒಂದು ಪದಾರ್ಥ, ಇವೆರಡನ್ನು ಸೇರಿಸಿ ಸಣ್ಣ ಸಣ್ಣ ತೂತುಗಳ ಸ್ಪಂಜಿನಂಥ ಹಾಳೆ ಮಾಡಿದರು. ಮೇಲೆ ಸಿಲಿಕೋನಿನ ಪೊರೆ.

ಇಲ್ಲೊಂದು ತಮಾಷೆಯಿದೆ. ಅವರು ಹೊರಟದ್ದು ಗಾಯ ಬೇಗ ಮುಚ್ಚುವ ಹಾಳೆ ಹುಡುಕಲು. ಪರೀಕ್ಷೆಯಲ್ಲಿ ಒಂದು ಹಾಳೆ ಗಾಯ ಮುಚ್ಚುವುದನ್ನು ಇನ್ನೂ ತಡಮಾಡಿತು. ಕೆಟ್ಟಿತು ಅಂತ ಎಸೆಯಬಹುದಿತ್ತು. ಇಣುಕಿ ನೋಡಿದರೆ ಕೆಳಗೆ ಕಲೆ ಕಟ್ಟುವ ಬದಲು ಹೊಸ ಒಳಚರ್ಮ ಬೆಳೆಯುತ್ತಿತ್ತು. ನಮ್ಮ ಹಿತ್ತಲಿನಲ್ಲಿ ಅವರೆ ಬಳ್ಳಿಗೆ ಹಂದರ ಹಾಕುತ್ತೇವಲ್ಲ, ಅದೇ ಕೆಲಸ ಆ ಹಾಳೆಯದು. ಹಂದರವೇನು ಕಾಯಿ ಬಿಡುವುದಿಲ್ಲ, ಬಳ್ಳಿ ಹಬ್ಬಲು ದಾರಿ ಕೊಡುತ್ತದೆ ಅಷ್ಟೆ. ಮೈಯ ಜೀವಕೋಶಗಳು ತೂತುಗಳಲ್ಲಿ ಹಬ್ಬಿ ಚರ್ಮ ಕಟ್ಟಿಕೊಳ್ಳುತ್ತವೆ, ಹಂದರ ಕರಗಿಹೋಗುತ್ತದೆ. 1981ರಲ್ಲಿ ಬರ್ಕ್ ಮತ್ತು ಯಾನಸ್ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು. ಈಗ ಬೆಂಗಳೂರಿನಲ್ಲೂ ಫೈಬ್ರೋಹೀಲ್ ಎಂಬ ಕಂಪನಿ ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿ ಮಾಡುತ್ತದೆ. ಸೀರೆಗೆ ಹೋಗುವ ರೇಷ್ಮೆ ಗಾಯಕ್ಕೂ ಹೋಗುತ್ತದೆ!

ಆಯಿಯ ಡಿಸ್ಕಿಗೂ ಇಂಥ ಹಂದರ ಹಾಕಬಹುದೇ? ಜಗತ್ತಿನ ಹಲವು ಪ್ರಯೋಗಶಾಲೆಗಳಲ್ಲಿ ಆ ಪ್ರಯತ್ನ ನಡೆದಿದೆ. ಕಷ್ಟ ಏನೆಂದು ನೀವೇ ಊಹಿಸಬಲ್ಲಿರಿ: ಅಲ್ಲಿ ರಕ್ತನಾಳವಿಲ್ಲ, ಬಳ್ಳಿ ಹಬ್ಬಲು ನೀರು ಬೇಕಲ್ಲ. ಜೊತೆಗೆ ಹಂದರದ ಮೇಲೆ ದಿನವೂ ಕ್ವಿಂಟಲ್‌ಗಟ್ಟಲೆ ಭಾರ. ಸಮಾಧಾನದ ಸಂಗತಿಯೆಂದರೆ ಹೆಚ್ಚಿನ ನಡ ನೋವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಅದಕ್ಕೆ ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮೆಲ್ಲಗೆ ಓಡಾಡುವುದು ಒಳ್ಳೆಯದು. ಆದರೆ ಕಾಲಿಗೆ ಬಲವೇ ಇಲ್ಲದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ ನಡದ ಯಂತ್ರ ಮಾತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ರೈತ ಗೋಪಾಲ ಮಲ್ಹಾರಿ ಭಿಸೆ ಹಳೆಯ ಸೈಕಲ್ಲಿನ ಮುಂದಿನ ಗಾಲಿ, ಹ್ಯಾಂಡಲ್ ತೆಗೆದುಕೊಂಡು ಅದಕ್ಕೆ ಕುಂಟೆಯ ಕುಡ ಜೋಡಿಸಿದರು. ಹ್ಯಾಂಡಲ್ ಹಿಡಿದು ನೆಟ್ಟಗೆ ನಿಂತು ತಳ್ಳಿಕೊಂಡು ಹೋದರೆ ಸಾಲಿನ ನಡುವಿನ ಕಳೆ ಕಿತ್ತುಬರುತ್ತದೆ. ಬಗ್ಗುವುದೇ ಬೇಡ. ನಾಕೆಮ್ಸನ್ ಅವರ ಲೆಕ್ಕದಲ್ಲಿ 150 ಇದ್ದ ಒತ್ತಡ 100ರ ಕಡೆಗೆ ಇಳಿಯಿತು, ಸೂಜಿಯಿಲ್ಲ, ಕರೆಂಟಿಲ್ಲ.

ಅದರ ಚಿತ್ರ ಆಯಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು.

“ಕಳೆ ತೆಗಿಲಿಕ್ಕ ಚಲೋ ಅದ. ಜೋಳ ಕೀಳಲಿಕ್ಕ ಏನರ ಮಾಡ್ಯಾರೇನು?”

“ನಮ್ಮ ಊರಾಗಂತೂ ಇನ್ನಾ ಬಂದಿಲ್ಲ ಆಯಿ.”

“ಹಂಗಾರ ಬಾ, ನಡ ತಿಕ್ಕು” ಅಂದು ಕಟ್ಟೆಯ ಮೇಲೆ ಬೋರಲು ಮಲಗಿದಳು.